ಬಾಣದಕ್ಕನ ಮುಂಗಡ ಸಾಕ್ಷಿ

ದೇವರನ್ನು ನಂಬುವುದರಲ್ಲಿ ಬಾಣದಕ್ಕ ಯಾರಿಗೂ ಕಡಿಮೆಯಿರಲಿಲ್ಲ. ನಂಬಿದ ಮೇಲೆ ಸುಮ್ಮನೆ ಕೂರುವ ವಿದ್ಯೆಯೊಂದು ಮಾತ್ರ ಅವಳಿಗೆ ಹತ್ತಿರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ಎಲ್ಲರಿಗಿಂತ ಮೊದಲು ಆಡಿಕೊಂಡು ನಗುತ್ತಿದ್ದವಳೂ ಅವಳೇ. ಭಾರವನ್ನೆಲ್ಲ ಕರ್ತನ ಮೇಲೆ ಹಾಕಿದ್ದೇನೆ, ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಗಂಟೆಗೊಮ್ಮೆ ಎತ್ತಿ ನೋಡುತ್ತೇನೆ, ಅಷ್ಟೇ ಎನ್ನುತ್ತಿದ್ದಳು.

ಬಾಣದಕ್ಕ ಎನ್ನುವುದು ಕೆಲಸ ಕೊಟ್ಟ ಹೆಸರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಸಾಲು ಮುಗಿಯುವಲ್ಲಿ, ಎರಡು ಟ್ಯೂಬ್‌ಲೈಟುಗಳ ಕೆಳಗೆ ಅವಳ ಮೇಜು. ಶರ್ಟುಗಳು ಒಂದರ ಹಿಂದೊಂದು ಬರುತ್ತವೆ. ಕಾಲರಿನಿಂದ ಹಿಡಿದು ಕೆಳ ಅಂಚಿನವರೆಗೆ ತಡವಿ ನೋಡಬೇಕು. ಬಿಟ್ಟುಹೋದ ಹೊಲಿಗೆ, ಎಣ್ಣೆಯ ಕಲೆ, ಅರ್ಧ ನೂಲಿನ ಸೊಟ್ಟ ಕಂಡಲ್ಲಿ ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ಕಳಿಸಬೇಕು. ಏಳು ವರ್ಷ ಇದೇ ಕೆಲಸ ಮಾಡಿ ಅವಳ ಕಣ್ಣಿಗೆ ಸರಿಯಿರುವುದು ಬೀಳುವುದೇ ನಿಂತುಹೋಗಿತ್ತು. ಮನೆಯಲ್ಲೂ ಅಷ್ಟೇ. ಗಂಡ ಮಡಚಿಟ್ಟ ಬಟ್ಟೆಗೆ ಒಂದು ಬಾಣ, ಅತ್ತೆ ತೊಳೆದಿಟ್ಟ ಲೋಟಕ್ಕೆ ಒಂದು ಬಾಣ. ಸ್ಟಿಕ್ಕರ್ ಇರುತ್ತಿರಲಿಲ್ಲ, ಕಣ್ಣೇ ಸಾಕಾಗುತ್ತಿತ್ತು.

ಅವಳ ಪ್ರಾರ್ಥನೆಯೂ ಮೇಸ್ತ್ರಿ ಕೂಲಿಯವರಿಗೆ ಕೆಲಸ ಒಪ್ಪಿಸುವ ಹಾಗೆ ಇರುತ್ತಿತ್ತು. ಆಸ್ಪತ್ರೆಗೆ ಹೋಗುವುದಿದ್ದರೆ ದಿನ, ಗಂಟೆ, ಎಷ್ಟನೇ ಮಹಡಿ, ಲಿಫ್ಟು ಕೆಟ್ಟಿದ್ದರೆ ಯಾವ ಮೆಟ್ಟಿಲು ಎಲ್ಲವನ್ನೂ ದೇವರಿಗೆ ಬಿಡಿಸಿ ಹೇಳುವಳು. ಒಂದು ಸಂಜೆ ಪಕ್ಕದಲ್ಲಿ ಮಂಡಿಯೂರಿದ್ದ ಅತ್ತೆಗೆ ಮಂಡಿ ನೋಯತೊಡಗಿತು. "ಆ ಮೆಟ್ಟಿಲು ಮಾಡಿದವನಿಗೂ ಮೇಲಿರೋನೇ ಬುದ್ಧಿ ಕೊಟ್ಟಿದ್ದು ಕಣೇ. ಆಮೆನ್ ಹೇಳು, ಏಳೋಣ" ಎಂದರು.

ಲಿಫ್ಟು ರಿಪೇರಿ ಮಾಡುವ ಗಂಡ ಇನ್ನೂ ಒಂದು ಕೈ ಮೇಲು. "ಬಟನ್ ಒಂದ್ಸಲ ಒತ್ತಿದ್ರೂ ಅದೇ ಲಿಫ್ಟು ಬರೋದು, ಇಪ್ಪತ್ತು ಸಲ ಒತ್ತಿದ್ರೂ ಅದೇ ಬರೋದು. ಬಟನ್ ಸವೆಯುತ್ತೆ ಅಷ್ಟೇ" ಎಂದ. ಬಾಣದಕ್ಕ ನಕ್ಕಳು, ನಕ್ಕು ಮತ್ತೆ ಒತ್ತಿದಳು.

ಒತ್ತದೆ ಇರುವುದಾದರೂ ಹೇಗೆ? ಎರಡು ವರ್ಷ ತುಂಬಿ ನಾಲ್ಕು ತಿಂಗಳಾದರೂ ಮಗಳ ಬಾಯಲ್ಲಿ ಒಂದು ಮಾತು ಬಂದಿರಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಕೆಲವು ಸಲ ತಿರುಗುತ್ತಿದ್ದಳು, ಅದೇ ದೊಡ್ಡ ಕಾಟ. ಇಲ್ಲವೆಂದರೆ ಇಲ್ಲ ಎಂದು ಎದೆ ಕಲ್ಲು ಮಾಡಿಕೊಳ್ಳಬಹುದಿತ್ತು. ಬಾಣದಕ್ಕ ಮಗುವಿನ ಬೆನ್ನ ಹಿಂದೆ ಪಾತ್ರೆಯ ಮುಚ್ಚಳ ಬೀಳಿಸಿ ನೋಡತೊಡಗಿದಳು. ಮೊದಲು ಚಿಕ್ಕದು, ಆಮೇಲೆ ದೊಡ್ಡದು, ಆಮೇಲೆ ಎರಡನ್ನೂ ಜೋಡಿಸಿ. ದೊಡ್ಡದು ಬಿದ್ದರೆ ನೆಲ ಅದುರುತ್ತಿತ್ತು, ಮಗು ತಿರುಗಿ ಬಿದ್ದ ಮುಚ್ಚಳವನ್ನು ಎತ್ತಿ ಅಮ್ಮನಿಗೆ ಕೊಡುತ್ತಿತ್ತು. ಪಾಪ, ನಮ್ಮಮ್ಮನ ಕೈಯಲ್ಲಿ ಯಾವುದೂ ನಿಲ್ಲುವುದಿಲ್ಲ ಎಂದು ಅದು ಅಂದುಕೊಂಡಿರಬೇಕು. ಕೆಳಗಿನ ಮನೆಯವರು ಮೇಲೆ ಬಂದು, ಅಡುಗೆಮನೆ ರಿಪೇರಿ ಯಾವಾಗ ಮುಗಿಯುತ್ತದೆ ಎಂದು ಕೇಳಿಹೋದರು.

ಡಾಕ್ಟರು ಕಿವಿಯ ಪರೀಕ್ಷೆಗೆ ಬರೆದುಕೊಟ್ಟರು. ದಿನ ಸಿಕ್ಕಿದ್ದು ಮೂರು ವಾರದ ಆಚೆಗೆ. ಮೂರು ವಾರ ಕಾಯುವುದೆಂದರೆ ಬಾಣದಕ್ಕನಿಗೆ ಮುಳ್ಳಿನ ಮೇಲೆ ಕೂತಂತೆ. ಸರಿಯಾಗಿ ಆ ಭಾನುವಾರವೇ ಅವರ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದರು. ಸಿಕ್ಕಿದ ಮೇಲೆ ಸ್ತೋತ್ರ ಹೇಳುವುದು ಯಾರಿಗೂ ಬರುತ್ತದೆ, ಸಿಗುವುದಕ್ಕೆ ಮೊದಲೇ ಹೇಳುವುದು ನಿಜವಾದ ವಿಶ್ವಾಸ ಎಂದು ಗಟ್ಟಿಯಾಗಿ ಬೋಧಿಸಿದರು. ಬಾಣದಕ್ಕನ ಕಿವಿ ನಿಮಿರಿತು. ಹೀಗೊಂದು ದಾರಿ ಇರುವುದು ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ! ಕಾಯುವ ಕೆಲಸವೇ ಇಲ್ಲ. ಸ್ತೋತ್ರ ಮೊದಲೇ ಸಲ್ಲಿಸಿಬಿಟ್ಟರೆ ದೇವರಾದರೂ ಯಾವ ಮುಖ ಇಟ್ಟುಕೊಂಡು ಇಲ್ಲ ಎಂದಾರು?

ಮುಂದಿನ ಭಾನುವಾರ, ದೇವರಿಂದಾದ ಒಳಿತನ್ನು ಸಭೆಯೆದುರು ಹೇಳಿಕೊಳ್ಳುವ ಸಾಕ್ಷಿಯ ಹೊತ್ತಿನಲ್ಲಿ, ಯಾರಾದರೂ ಹೇಳುವುದಿದೆಯೇ ಎಂದು ಪಾಸ್ಟರು ಕೇಳಿ ಮುಗಿಸುವ ಮೊದಲೇ ಅವಳು ಎದ್ದು ನಿಂತಳು. ಕರ್ತನು ನನ್ನ ಮಗಳ ಕಿವಿಯನ್ನು ಮುಟ್ಟಿದ್ದಾನೆ, ಮಗು ಚೆನ್ನಾಗಿ ಕೇಳುತ್ತಿದೆ, ಆತನಿಗೆ ಸ್ತೋತ್ರ ಎಂದಳು. ಸಭೆ ಚಪ್ಪಾಳೆ ತಟ್ಟಿತು. ಗಂಡ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡ. ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಹೊರಗೆ ಬಂದ ಮೇಲೆ ಯಾರೋ ಹೆಂಗಸು ಮಗುವಿನ ಹತ್ತಿರ ಚಿಟಿಕೆ ಹೊಡೆದಳು. ಅವಳ ಉಂಗುರ ಬಿಸಿಲಿಗೆ ಮಿನುಗಿ ಮಗು ತಿರುಗಿತು. ಇನ್ನೇನು ಬೇಕು, ಆ ವಾರವೆಲ್ಲ ಬಾಣದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಗೆಪಾಟಲಿನೊಂದಿಗೆ ಮುಗಿಯುತ್ತಿತ್ತು. ಅದೇ ಸಭೆಯಲ್ಲಿ ಒಬ್ಬ ಡ್ರೈವರನ ಹೆಂಡತಿಯಿದ್ದಳು. ಗಂಡ ಬೆನ್ನುಹುರಿಗೆ ಪೆಟ್ಟಾಗಿ ಐದು ತಿಂಗಳಿಂದ ಮಂಚ ಹಿಡಿದಿದ್ದ. ಅವಳು ಬಾಣದಕ್ಕನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಅಕ್ಕಾ, ನೀವು ಹೇಗೆ ಪ್ರಾರ್ಥನೆ ಮಾಡಿದ್ರಿ? ನನಗೂ ಹೇಳಿಕೊಡಿ" ಎಂದು ಕೇಳಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬಾಣದಕ್ಕ ಪ್ರಾರ್ಥನೆಯನ್ನೇ ಹೇಳಿಕೊಟ್ಟಳು. ಮೂರು ಬೆಳಗ್ಗೆ ಉಪವಾಸವಿರಬೇಕು, ಏನನ್ನೂ ಬೇಡಬಾರದು, ಬೇಡಿದರೆ ಅಪನಂಬಿಕೆಯಾಗುತ್ತದೆ, ಬರೀ ಸ್ತೋತ್ರ ಹೇಳಬೇಕು ಎಂದು ನಿಂತ ಕಾಲಲ್ಲಿ ಕಟ್ಟಿ ಹೇಳಿದಳು. ತಾನು ಒಂದು ಬೆಳಗ್ಗೆಯೂ ತಿಂಡಿ ಬಿಟ್ಟವಳಲ್ಲ ಎಂಬುದು ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು.

ಪರೀಕ್ಷೆಯ ದಿನ ಬಂತು. ಮಗು ನಿದ್ದೆ ಹೋಗಿರುವಾಗ ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ ಮಾಡುವ ಪರೀಕ್ಷೆ ಅದು. ಅಲ್ಲಿ ನಿದ್ದೆ ಬರಲೆಂದು ಮಗುವನ್ನು ನಸುಕಿನಲ್ಲೇ ಎಬ್ಬಿಸಿ ಆಡಿಸಿಕೊಂಡು ಬರಬೇಕಿತ್ತು. ಬಾಣದಕ್ಕ ಹದಿನಾಲ್ಕು ಪ್ರಶ್ನೆಗಳನ್ನು ಬರೆದ ಹಾಳೆ ಹಿಡಿದು ಬಂದಿದ್ದಳು. ವೈರು ಎಲ್ಲಿ ಅಂಟಿಸುತ್ತಾರೆ, ಅಂಕಿ ಎಷ್ಟು ಬಂತು ಎಂದು ನಿಂತು ನೋಡಬೇಕೆಂದಿದ್ದಳು. ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು, ಮಂಕು ದೀಪ, ಮೂಲೆಯಲ್ಲೊಂದು ಮೆತ್ತನೆಯ ಕುರ್ಚಿ. ಗಂಡನ ತೊಡೆಯ ಮೇಲೆ ಮಗು ಮಿಸುಕಾಡುತ್ತಲೇ ಇತ್ತು. ನಿದ್ದೆ ಬರಲಿ, ಐದು ನಿಮಿಷದೊಳಗೆ ಬರಲಿ ಎಂದು ದೇವರಿಗೆ ಹೇಳುತ್ತಾ ಅವಳು ಆ ಕುರ್ಚಿಯಲ್ಲಿ ಕೂತಳು. ನಿದ್ದೆ ಬಂತು, ಅವಳಿಗೆ.

ಮೂರು ವಾರದ ನಿದ್ದೆ ಅದು. ಕಣ್ಣು ಬಿಟ್ಟಾಗ ಪರೀಕ್ಷೆ ಮಾಡುವಾಕೆ ವೈರುಗಳನ್ನು ಸುತ್ತಿಡುತ್ತಿದ್ದಳು. ಮಗು ಅಪ್ಪನ ಹೆಗಲ ಮೇಲಿತ್ತು. ಹಾಳೆ ನೆಲದಲ್ಲಿ ಬಿದ್ದಿತ್ತು. ಪ್ರಪಂಚದಲ್ಲಿ ತಾನು ಕಾವಲು ಕಾಯಲೇಬೇಕಿದ್ದ ಒಂದೇ ಒಂದು ಗಂಟೆ ತನ್ನನ್ನು ಬಿಟ್ಟು ಸಲೀಸಾಗಿ ಮುಗಿದುಹೋಗಿತ್ತು.

"ಎರಡೂ ಕಿವಿಲಿ ಕೇಳೋದು ತುಂಬಾ ಕಮ್ಮಿ ಇದೆ" ಎಂದಳು ಆಕೆ. "ಪೂರ್ತಿ ಇಲ್ಲ ಅಂತಲ್ಲ. ಕಿವಿಗೆ ಮಿಷನ್ ಹಾಕಿ ಕಲಿಸಿದ್ರೆ ಮಾತು ಬರೋದಕ್ಕೆ ಅವಕಾಶ ಇದೆ. ಬೇಗ ಬಂದಿದ್ದು ಒಳ್ಳೇದಾಯ್ತು."

ಬಾಣದಕ್ಕನ ತಲೆಗೆ ಮೊದಲು ಬಂದದ್ದು ಮಗುವಲ್ಲ, ಭಾನುವಾರ. ಸಭೆಗೆ ಹೇಗೆ ಮುಖ ತೋರಿಸಲಿ ಎಂಬುದೇ ಮೊದಲು ಬಂತು. ಮಗು ಆಮೇಲೆ ಬಂತು, ಬಂದಾಗ ಅವಳು ಗೋಡೆಯ ಸ್ಪಂಜಿಗೆ ಹಣೆಯೊತ್ತಿ ಅತ್ತಳು. ಎಷ್ಟು ಜೋರಾಗಿ ಅತ್ತರೂ ಹೊರಗೆ ಕೇಳದ ಕೋಣೆ ಅದೊಂದೇ.

ಬಸ್ಸಿನಲ್ಲಿ ಅವಳು, ದೇವರು ನನ್ನ ಸಾಕ್ಷಿಯನ್ನು ಸುಳ್ಳು ಮಾಡಿಬಿಟ್ಟ ಎಂದಳು. ಗಂಡ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ನೋಡದೆ ಇರೋ ಶರ್ಟಿಗೆ ನೀನು ಯಾವತ್ತಾದ್ರೂ ಪಾಸ್ ಮುದ್ರೆ ಒತ್ತಿದ್ದೀಯಾ?" ಎಂದು ಕೇಳಿದ. ಒತ್ತಿದರೆ ಅವತ್ತೇ ಕೆಲಸದಿಂದ ತೆಗೆಯುತ್ತಾರೆ ಎಂದಳು. ಅವಳಿಗೆ ಉಳಿದ ದಾರಿಯುದ್ದಕ್ಕೂ ಆ ಮುದ್ರೆ ಬಿಸಿ ಮಾಡಿ ಬೆನ್ನಿಗೆ ಒತ್ತಿದಂತಾಯಿತು.

ಮನೆಗೆ ಬಂದು, ಇನ್ನು ಒಂದು ತಿಂಗಳು ಸಭೆಗೆ ಬರುವುದಿಲ್ಲ, ಪ್ರಾರ್ಥನೆಯೂ ಸಾಕು ಎಂದು ಅತ್ತೆಯ ಮುಂದೆ ಕೂತಳು. ಅತ್ತೆ ಮೊಮ್ಮಗಳ ಕೂದಲಿಗೆ ಅಂಟಿದ್ದ ಗೋಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

"ನಿಮ್ಮ ಮಾವ ಹಾಸಿಗೆ ಹಿಡಿದಾಗ ನಾನು ಎರಡು ವರ್ಷ ಪ್ರಾರ್ಥನೆ ಮಾಡ್ದೆ" ಎಂದರು. "ಹೋದ್ರು. ಮಾರನೇ ದಿನಾನೂ ಮಂಡಿಯೂರಿದೆ. ಅವತ್ತು ಬರೀ ಬೈದೆ. ಬೈದು ಮುಗಿಸಿ ಅಲ್ಲೇ ಕೂತಿದ್ದೆ. ಬೇರೆ ಯಾರ ಹತ್ರ ಹೋಗ್ಲಿ ಹೇಳು."

"ಭಯ ಹೋಯ್ತಾ ಅತ್ತೆ?"

"ಎಲ್ಲಿ ಹೋಗುತ್ತೆ? ನಾನು ಒಬ್ಬಳೇ ಇಲ್ಲ ಅಂತ ಅನ್ನಿಸ್ತು. ಅಷ್ಟೇ ಆಗಿದ್ದು."

ಮಾರನೆಯ ದಿನ ಕೆಲಸ ಬಿಟ್ಟ ಮೇಲೆ ಬಾಣದಕ್ಕ ಡ್ರೈವರನ ಮನೆಗೆ ಹೋದಳು. ಹೆಂಡತಿ ಗಂಡನನ್ನು ಮಗ್ಗುಲಾಗಿಸಿ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದಳು. ಬಾಗಿಲಲ್ಲೇ ನಿಂತು, ಮಗುವಿಗೆ ಕೇಳುವುದಿಲ್ಲ, ಅವತ್ತು ಹೇಳಿದ್ದು ಆಗದೇ ಇದ್ದದ್ದು, ಮೂರು ಬೆಳಗ್ಗೆಯ ಲೆಕ್ಕವೂ ನನ್ನದೇ ತಲೆಯದು ಎಂದು ಒಂದೇ ಉಸಿರಿಗೆ ಒದರಿದಳು.

"ಮೂರು ದಿನ ಹಸ್ಕೊಂಡು ಇವರನ್ನ ಎತ್ತಿದ್ದೀನಿ" ಎಂದಳು ಆಕೆ, ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸುತ್ತಾ. "ಎದ್ದಿಲ್ಲ ನೋಡಿ. ನನ್ನ ಸ್ತೋತ್ರದಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ದೆ."

ಏಳು ವರ್ಷದಲ್ಲಿ ಸಾವಿರಾರು ಶರ್ಟು ಹಿಂದಕ್ಕೆ ಕಳಿಸಿದವಳಿಗೆ, ಕುಂದಿಲ್ಲದ ಒಬ್ಬಳ ಮೇಲೆ ತಾನು ಅಂಟಿಸಿದ ಬಾಣ ಆಗ ಕಂಡಿತು. ಕ್ಷಮಿಸಿ ಎಂದಳು. ಆಕೆ ಕ್ಷಮಿಸಿದೆ ಎನ್ನಲಿಲ್ಲ. ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕು, ಕಾಲು ಹಿಡಿಯಿರಿ ಎಂದಳು. ಇಬ್ಬರೂ ಸೇರಿ ಹೊರಳಿಸಿದರು. ಆಮೇಲೆ ಆಕೆಯೇ, ಪ್ರಾರ್ಥನೆ ಮಾಡಿ ಹೋಗಿ ಎಂದಾಗ ಬಾಣದಕ್ಕ ಮಂಚದ ಪಕ್ಕ ಮಂಡಿಯೂರಿದಳು. "ಕರ್ತನೇ, ನಮಗೆ ಭಯ ಆಗ್ತಿದೆ. ನಮ್ಮ ಜೊತೆ ಇರು" ಎಂದಷ್ಟೇ ಹೇಳಿ ನಿಲ್ಲಿಸಿದಳು. ಅವಳ ಜೀವಮಾನದಲ್ಲೇ ಅತಿ ಚಿಕ್ಕ ಪ್ರಾರ್ಥನೆ ಅದು. ಮಂಚದಿಂದ ಡ್ರೈವರ್ ಆಮೆನ್ ಎಂದ.

ಭಾನುವಾರ ಎದ್ದು ನಿಂತು ಹಿಂದಿನ ಸಾಕ್ಷಿಯನ್ನು ವಾಪಸು ತೆಗೆದುಕೊಂಡಳು. ಇಂಥದ್ದಕ್ಕೆ ಚಪ್ಪಾಳೆ ತಟ್ಟಬೇಕೋ ಬೇಡವೋ ಸಭೆಗೆ ತಿಳಿಯಲಿಲ್ಲ. ಮುಂದಿನ ಸಾಲಿನ ಒಬ್ಬರು, ವಿಶ್ವಾಸ ಸಾಲದು ಪಾಪ ಎಂದು ಪಕ್ಕದವರಿಗೆ ಹೇಳಿದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತು. ಹೌದಲ್ಲ ಎಂದು ತಾನೂ ತಲೆಯಾಡಿಸಿ ಕೂತಳು.

ಐದು ವಾರದ ಮೇಲೆ ಮಗುವಿನ ಎರಡೂ ಕಿವಿಗೆ ಮಿಷನ್ ಹಾಕಿದರು. ಬೆರಳ ತುದಿಯಷ್ಟು ದೊಡ್ಡದು, ಕಿವಿಯ ಹಿಂದೆ ಕೂರುವಂಥದ್ದು. ಸ್ವಿಚ್ಚು ಹಾಕಿದ್ದೇ ತಡ ಮಗು ಬೆಚ್ಚಿ, ಮುಖ ಕೆಂಪಾಗುವಂತೆ ಕಿರುಚಿಕೊಂಡಿತು. ಮಿಷನ್ ಕಿತ್ತುಕೊಳ್ಳಲು ಕೈ ಹಾಕಿತು. ಬಾಣದಕ್ಕ ಮುಂದೆ ಬಾಗಿದಳು. "ತೆಗೀಬೇಡಿ, ಹತ್ತು ನಿಮಿಷ ಬಿಡಿ. ಹಿಡ್ಕೊಂಡು ಕೂತ್ಕೊಳ್ಳಿ ಸಾಕು" ಎಂದಳು ಮಿಷನ್ ಹಾಕಿದಾಕೆ.

ಬಾಣದಕ್ಕ ಮಗುವನ್ನು ಅವುಚಿಕೊಂಡು ಕೂತಳು. ಕರ್ತನೇ, ಜೊತೆಗಿರು ಎಂದಳು. ಗೋಡೆಯ ಗಡಿಯಾರ ನೋಡಿದಳು, ಒಂದು ನಿಮಿಷವಾಗಿತ್ತು. ಎರಡನೆಯ ನಿಮಿಷಕ್ಕೆ, ಶಬ್ದ ಸ್ವಲ್ಪ ಕಡಿಮೆ ಮಾಡಿಸಿದರೆ ಒಳ್ಳೆಯದಿತ್ತು ಎಂದು ದೇವರಿಗೆ ಒಂದು ಸಲಹೆ ಕೊಟ್ಟಳು. ಮೂರನೆಯದಕ್ಕೆ, ಎಡಗಿವಿಯದು ಮೊದಲು ಎಂದು ಇನ್ನೊಂದು. ಆಮೇಲೆ ತನಗೇ ನಗು ಬಂದು ಬಾಯಿ ಮುಚ್ಚಿಕೊಂಡಳು.

ಮಗು ಅಳುತ್ತಾ ಅಳುತ್ತಾ ನಡುವೆ ನಿಲ್ಲಿಸಿತು. ತನ್ನ ಬಾಯಿಂದ ಏನೋ ಹೊರಟು ತನಗೇ ತಾಗುತ್ತಿದೆ ಎಂದು ಅದಕ್ಕೆ ಅನ್ನಿಸಿರಬೇಕು. ಸಣ್ಣಗೆ "ಆ" ಎಂದಿತು. ಕಾಯಿತು. ಮತ್ತೆ "ಆ" ಎಂದಿತು. ಬಾಣದಕ್ಕನಿಗೆ ಎದ್ದು ನಿಂತು ಊರಿಗೆಲ್ಲ ಸಾರಬೇಕೆನ್ನಿಸಿತು. ಇನ್ನೂ ಐದು ನಿಮಿಷವಿತ್ತು. ಕೂತೇ ಇದ್ದಳು.