ಕರೆಂಟಕ್ಕನ ಸೊಪ್ಪಿನ ಕೋಣೆ

ಬೆಳಕು ಹರಿಯುವ ಹೊತ್ತು. ಮೂರನೇ ಮಹಡಿಯ ಮನೆಯ ಹಿಂದಿನ ಕೋಣೆಯಲ್ಲಿ ಮಂಚ ಇರಬೇಕಾದ ಕಡೆ ಬಿಳಿ ಪೈಪುಗಳ ಸಾಲು. ಪೈಪಿನ ತೂತುತೂತಿನಲ್ಲೂ ಲೆಟ್ಯೂಸ್ ಸೊಪ್ಪು. ಕೆಳಗಿನ ನೀಲಿ ಡ್ರಮ್ಮಿನ ಪಕ್ಕ ಮಂಡಿಯೂರಿದ ಮಹಿಳೆ, ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿ ಅಂಕಿ ನಿಲ್ಲುವವರೆಗೆ ಕಾಯುತ್ತಾರೆ. ಅಷ್ಟರಲ್ಲೇ ಒಂದು ತೂಕಡಿಕೆ ಬಂದು ಹೋಗುತ್ತದೆ.

"ಒಂದು ಪಾಯಿಂಟ್ ಆರು. ಸದ್ಯ, ಇವತ್ತು ತಂಟೆ ಇಲ್ಲ," ಎನ್ನುತ್ತಾ ಸೊಂಟ ಹಿಡಿದುಕೊಂಡು ಏಳುತ್ತಾರೆ.

ಮಣ್ಣಿಲ್ಲದ ಈ ಬೆಳೆಗೆ ಊಟವೆಲ್ಲ ನೀರಿನಲ್ಲೇ. ಗೊಬ್ಬರದ ಲವಣ ಎಷ್ಟು ಕರಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಲವಣ ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಮೀಟರು ಅಳೆಯುವುದು ಅದನ್ನೇ. "ನೀರಲ್ಲಿ ಕರೆಂಟ್ ನೋಡ್ತೀನಿ" ಎಂದು ಒಮ್ಮೆ ಅಂದದ್ದೇ ತಡ, ಅಕ್ಕಪಕ್ಕದವರಿಗೆ ಇವರು ಕರೆಂಟಕ್ಕ ಆಗಿಬಿಟ್ಟರು. "ಮುಟ್ಟಿದ್ರೆ ಶಾಕ್ ಹೊಡೀತೀರೇನ್ರೀ?" ಎಂದು ಮೆಟ್ಟಿಲಲ್ಲಿ ಎದುರಾದವರು ಕೆಣಕುತ್ತಾರೆ. "ಹೊಡೆಯೋಕೂ ತ್ರಾಣ ಬೇಕಲ್ರೀ" ಎಂಬುದು ಇವರ ಉತ್ತರ.

ಮೊದಲು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಸೋಪಿನ ಪುಡಿಗೆ ಅಂಗೈ ಸುಲಿದು ಕೆಲಸ ಬಿಡಬೇಕಾಯಿತು. ಗಂಡ ರಾತ್ರಿ ಪಾಳಿಯ ಬಸ್ ಚಾಲಕ. ಮನೆಯಲ್ಲಿ ವಯಸ್ಸಾದ ಮಾವ. ಕೊಳಾಯಿ ಕೆಲಸದ ಮೈದುನ ಪೈಪು ಜೋಡಿಸಿಕೊಟ್ಟ ಮೇಲೆ ಸೊಪ್ಪು ಎರಡು ಹೋಟೆಲುಗಳಿಗೆ ಹೋಗತೊಡಗಿತು. ಆದರೆ ಸೆಕೆ ಏರಿದಂತೆ ಗಿಡ ನೀರನ್ನು ಹೀರಿ ಲವಣವನ್ನು ಉಳಿಸುತ್ತದೆ, ಅಂಕಿ ಏರುತ್ತದೆ, ಸೊಪ್ಪು ಕಹಿಯಾಗುತ್ತದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆಯಲೇಬೇಕು. "ಕೂಸಾದ್ರೂ ಬೆಳೆದು ತೊಟ್ಟಿಲು ಬಿಡುತ್ತೆ. ಇದು ಯಾವತ್ತೂ ತೊಟ್ಟಿಲಲ್ಲೇ" ಎಂದು ನಿಟ್ಟುಸಿರಿಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಕೊಯ್ಲಿನ ಹಿಂದಿನ ದಿನ ಕರೆಂಟಕ್ಕ ಜ್ವರ ಬಂದು ಮಲಗಿದರು. ಸೊಸೆಗೆ ಆಸರೆಯಾಗಲೆಂದು ಮಾವ ತಾವೇ ಡ್ರಮ್ಮು ತುಂಬಿಸಲು ಹೋದರು. ಪಕ್ಕದಲ್ಲಿದ್ದ ಗಟ್ಟಿ ಗೊಬ್ಬರದ ದ್ರಾವಣವನ್ನೇ ನೀರೆಂದುಕೊಂಡು ಕ್ಯಾನಿಗೆ ಕ್ಯಾನೇ ಸುರಿದುಬಿಟ್ಟರು. ಸಂಜೆ ಸೊಸೆ ಎದ್ದು ಮೀಟರ್ ಅದ್ದಿದರೆ ಅಂಕಿ ಐದು ದಾಟಿದೆ! ಎಲೆಗಳು ಜೋತುಬಿದ್ದು ಅಂಚು ಕಂದಿತ್ತು. ಪಾಳಿಗೆ ಹೊರಟಿದ್ದ ಗಂಡನೂ ಅಂಗಿಯ ತೋಳು ಮಡಚಿ ಕೆಲಸಕ್ಕೆ ನಿಂತರು. ಇಬ್ಬರೂ ಡ್ರಮ್ಮು ಬರಿದು ಮಾಡಿ, ಬಕೆಟ್ಟು ಬಕೆಟ್ಟಾಗಿ ಸಪ್ಪೆ ನೀರು ಹೊಯ್ದರು. ಆದರೂ ಬಹುಪಾಲು ಬೆಳೆ ಕೈಬಿಟ್ಟುಹೋಯಿತು. ಒಂದು ಹೋಟೆಲಿನವರು ಬೇರೆ ಕಡೆ ಸೊಪ್ಪು ಹುಡುಕಿಕೊಂಡರು.

ಆ ರಾತ್ರಿ ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಗೋಡೆ ಕಡೆ ಮುಖ ಮಾಡಿ ಕೂತರು. "ನಿನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿದೆನಲ್ಲಮ್ಮಾ."

"ಈ ಮನೇಲಿ ಮಣ್ಣೆಲ್ಲಿದೆ ಮಾವ, ಹಾಕೋಕೆ? ಗಿಡ ಮತ್ತೆ ನೆಡಬಹುದು. ನೀವು ಬಾಡಿಹೋದ್ರೆ ಯಾವ ಮೀಟರ್ ಹಿಡಿದು ನೋಡಲಿ? ಏಳಿ, ಊಟ ಮಾಡಿ."

ಸಿಟ್ಟು ಬರಲಿಲ್ಲವೇ ಎಂದರೆ ಕರೆಂಟಕ್ಕ ಅಡಗಿಸುವುದಿಲ್ಲ. "ಬರದೆ ಏನು? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ. ಅವರೆದುರು ಅತ್ತಿದ್ರೆ ಆ ಜೀವ ನವೆದುಹೋಗ್ತಿತ್ತು."

ಮಾವ ಆಮೇಲೆ ಆ ಕೋಣೆಯ ಹೊಸ್ತಿಲನ್ನೇ ತುಳಿಯದಾದರು. ಒಂದು ಮಧ್ಯಾಹ್ನ ಸೊಸೆ ಕೈಹಿಡಿದು ಕರೆತಂದು ಡ್ರಮ್ಮಿನ ಬಳಿ ಕುರ್ಚಿ ಹಾಕಿ ಕೂರಿಸಿ, ಮೀಟರ್ ಕೈಗಿತ್ತರು. ಅಂದಿನಿಂದ ಮಧ್ಯಾಹ್ನದ ಅಳತೆ ಅವರದು. ಅಂಕಿಯನ್ನು ಇಡೀ ಮಹಡಿಗೇ ಕೇಳುವಂತೆ ಕೂಗುತ್ತಾರೆ. ಗೋಡೆಯಾಚೆ ಒರಗಿದ ಸೊಸೆ ಕಣ್ಣು ಬಿಡದೆಯೇ "ಹೂಂ" ಅನ್ನುತ್ತಾರೆ.

ಕೈತಪ್ಪಿದ ಹೋಟೆಲು ಇನ್ನೂ ಮರಳಿಲ್ಲ. ಬೆನ್ನುನೋವು ಬಿಟ್ಟಿಲ್ಲ. ದೊಡ್ಡ ಆಸೆಗಳೇನಾದರೂ ಇವೆಯೇ ಎಂದು ಕೇಳಿದರೆ, ಕೊಯ್ದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಗಿಡುತ್ತಾರೆ.

"ಯಾರೂ ಎಬ್ಬಿಸದೆ ಒಂದು ದಿನ ಪೂರ್ತಿ ನಿದ್ದೆ ಮಾಡ್ಬೇಕು. ಮತ್ತೇನಿಲ್ಲ," ಎನ್ನುತ್ತಾರೆ. ಬುಟ್ಟಿಯನ್ನು ಸೊಂಟಕ್ಕೇರಿಸಿ ಬಾಗಿಲವರೆಗೆ ಹೋದವರು ಅಲ್ಲೇ ತಿರುಗಿ, "ಆದ್ರೆ ಒಂದು ಬರ್ಕೊಳ್ಳಿ. ನನ್ನ ಸೊಪ್ಪು ಕಹಿ ಅಂತ ಇವತ್ತಿನವರೆಗೆ ಒಬ್ರೂ ಅಂದಿಲ್ಲ."