ಸ್ಕ್ರೂಗಳ ಮೇಲಿನ ಕೆಂಪು ಬೊಟ್ಟು

ಕಂಪಲಾಪುರದ ನಮ್ಮ ಮನೆಯಲ್ಲಿ ಬೀಗ ಹಾಕಲು ಬರುತ್ತಿದ್ದ ಕೋಣೆ ಒಂದೇ. ಹೊಗೆಸೊಪ್ಪಿನ ಕಾಲದಲ್ಲಿ ಅಪ್ಪ ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಅಲ್ಲಿ ಜೋಡಿಸಿ ವಿಂಗಡಿಸುತ್ತಿದ್ದರು. ಅದೇ ಕೋಣೆಯ ಮೂಲೆಯಲ್ಲಿ ನನ್ನ ಕಂಪ್ಯೂಟರ್ ಇತ್ತು. ಪದವಿ ಮುಗಿಸಿ ಊರಿಗೆ ಮರಳಿದ್ದ ನಾನು ಅದರಲ್ಲಿ ಲಗ್ನಪತ್ರಿಕೆಗಳನ್ನೂ ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನೂ ಅಚ್ಚಿಗೆ ಸಿದ್ಧಪಡಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರು ನನಗಿಂತ ಮೊದಲು ಯಾರೂ ಇರಲಿಲ್ಲ.

ಆ ಹಳೆಯ ಯಂತ್ರವನ್ನು ಮೈಸೂರಿನಿಂದ ಹುಡುಕಿ ತಂದುಕೊಟ್ಟವರು ನನ್ನ ಅಕ್ಕನ ಗಂಡ. ಭಾವನಿಗೆ ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಒಂದು ಮಳೆಗಾಲದಲ್ಲಿ ನನ್ನ ಯಂತ್ರದ ಫ್ಯಾನ್ ಕೆಟ್ಟಿತು. ಯಂತ್ರ ಅವರ ಅಂಗಡಿಗೆ ಹೋಗಿ, ಕೆಲವು ದಿನ ಅಲ್ಲಿದ್ದು ಬಂತು. ಅದಾದ ಮೇಲೆ, ಸೊಪ್ಪಿನ ಕೆಲಸ ಬಿರುಸಾಗುವ ಹೊತ್ತಿಗೆ, ಅದು ಮಂದವಾಗತೊಡಗಿತು. ಒಂದು ಪುಟ ತೆರೆಯುವುದರೊಳಗೆ ನಾನು ಎದ್ದುಹೋಗಿ ನೀರು ಕುಡಿದು ಬರಬಹುದಾಗಿತ್ತು.

ಕಲಿಯುವ ಆಸೆಯಿಂದ, ಸಹಪಾಠಿಯೊಬ್ಬ ಕೊಟ್ಟಿದ್ದ ಸಿ.ಡಿ.ಯಿಂದ ನಾನು ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆಯನ್ನೂ ಹಾಕಿಕೊಂಡಿದ್ದೆ. ಫೈಲುಗಳಿರುವ ಹಾರ್ಡ್ ಡಿಸ್ಕಿನ ವೇಗವನ್ನು ಅಳೆಯುವ ಆಜ್ಞೆಯೊಂದು ಅದರಲ್ಲಿತ್ತು. ಯಂತ್ರ ಬಂದ ಹೊಸದರಲ್ಲಿ ಅಳೆದಿದ್ದೆ. ಈಗ ಮತ್ತೆ ಅಳೆದರೆ ವೇಗ ಹತ್ತರಲ್ಲಿ ಒಂದು ಭಾಗಕ್ಕೆ ಇಳಿದಿತ್ತು. ಯಂತ್ರವು ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಸಂದೇಶಗಳನ್ನು ತೆರೆದಾಗ ಒಂದು ಎಚ್ಚರಿಕೆ ಮತ್ತೆ ಮತ್ತೆ ಕಂಡಿತು. ಹಾರ್ಡ್‌ವೇರಿನಲ್ಲಿ ದೋಷವಿರಬಹುದು, ಗಡಿಯಾರದ ಟೈಮರ್ ತನ್ನ ಹೊಂದಾಣಿಕೆಯನ್ನು ಕಳೆದುಕೊಂಡಿದೆ ಎಂಬುದು ಅದರ ಸಾರಾಂಶ.

ಭಾವನ ಅಂಗಡಿಯಲ್ಲಿ ಡಿಸ್ಕ್ ಬದಲಾಗಿದೆ ಎಂದು ನಾನು ತೀರ್ಮಾನಿಸಿದೆ. ನಮ್ಮ ಒಳ್ಳೆಯ ಡಿಸ್ಕ್ ಹುಣಸೂರಿನ ಯಾವುದೋ ಗಿರಾಕಿಯ ಮನೆಯಲ್ಲಿರಬೇಕು. ಅದರ ಜಾಗದಲ್ಲಿ, ಫೈಲುಗಳನ್ನೆಲ್ಲ ನಕಲು ಮಾಡಿದ ಸವೆದ ಡಿಸ್ಕೊಂದು ಇಲ್ಲಿ ತಿರುಗುತ್ತಿರಬೇಕು. ಫ್ಯಾನ್ ಬದಲಿಸಲು ಅಷ್ಟು ದಿನ ಏಕೆ ಬೇಕಿತ್ತು? ಯಂತ್ರ ಮರಳಿ ತಂದ ದಿನ ಭಾವ ಕಾಫಿಯನ್ನೂ ಕುಡಿಯದೆ ಏಕೆ ಹೊರಟರು?

ಅಪ್ಪನಿಗೆ ಹೇಳುವಂತಿರಲಿಲ್ಲ. ಎರವಲು ಒಯ್ದ ನೇಗಿಲು ಮುರಿದು ಬಂದಿತೆಂದು ಚಿಕ್ಕಪ್ಪನೊಡನೆ ಮಾತು ಬಿಟ್ಟವರು ಅವರು, ಇವತ್ತಿಗೂ ಆಡಿಲ್ಲ. ಅಳಿಯನ ಮೇಲೂ ಹಾಗೆಯೇ ಮುನಿದರೆ ಅಕ್ಕನಿಗೆ ತವರಿನ ದಾರಿ ಮುಚ್ಚುತ್ತಿತ್ತು. ಸಾಕ್ಷಿಯಿಲ್ಲದೆ ಬಾಯಿ ತೆರೆಯಬಾರದೆಂದು ನಿಶ್ಚಯಿಸಿದೆ. ದೀಪಾವಳಿಗೆ ಬಂದಾಗ ಭಾವ ಯಂತ್ರ ಬಿಚ್ಚಿ ಗುಟ್ಟಾಗಿ ಏನನ್ನಾದರೂ ತೆಗೆದರೆ ಅಥವಾ ಮರಳಿ ಇಟ್ಟರೆ ನನಗೆ ತಿಳಿಯಬೇಕಿತ್ತು. ಅಕ್ಕ ಹಿಂದಿನ ಸಲ ಮರೆತುಹೋಗಿದ್ದ ಕೆಂಪು ಉಗುರುಬಣ್ಣದ ಸೀಸೆ ಗೋಡೆಯ ಗೂಡಿನಲ್ಲಿತ್ತು. ಕಂಪ್ಯೂಟರ್ ಪೆಟ್ಟಿಗೆಯ ಸ್ಕ್ರೂಗಳ ತಲೆಯ ಮೇಲೆ ಅದರಿಂದ ಒಂದೊಂದು ಚುಕ್ಕೆ ಇಟ್ಟೆ. ಯಾರಾದರೂ ತಿರುಗಿಸಿದರೆ ಬಣ್ಣ ಬಿರಿಯಬೇಕು.

ಹಬ್ಬದ ಬೆಳಿಗ್ಗೆ ಅಕ್ಕ ಭಾವ ಬಂದರು. ಭಾವ ಕೈಕಾಲು ತೊಳೆದವರೇ ಕೋಣೆಗೆ ನಡೆದರು.

"ಏನೋ, ನಿನ್ ಡಬ್ಬ ನಿದ್ದೆ ಮಾಡ್ತದಂತೆ? ನಿಮ್ಮಕ್ಕ ಅಂದ್ಳು."

"ಸ್ವಲ್ಪ ನಿಧಾನವಾಗಿದೆ ಭಾವ. ಟೈಮರ್ ಎಚ್ಚರಿಕೆ ಕೂಡ ಬರುತ್ತಿದೆ" ಎಂದೆ.

"ಅದಾ? ಈ ಬೋರ್ಡ್ ಇರೋದ್ರಲ್ಲೆಲ್ಲ ಅದು ಬತ್ತದೆ. ಅದ್ರ ಪಾಡಿಗೆ ಅದೇ ಸರಿ ಮಾಡ್ಕತದೆ, ಬುಡು." ಅವರು ಸ್ಕ್ರೂಗಳತ್ತ ಬಾಗಿದರು. "ಓಹೋ, ಆಯುಧಪೂಜೆ ಜೋರಾಗೇ ಮಾಡಿದ್ದೀಯ ಕಣೋ! ಸ್ಕ್ರೂಗೂ ಕುಂಕುಮ!"

ಭಾವ ಸ್ಕ್ರೂಡ್ರೈವರ್ ಹಚ್ಚಿದರು. ಸ್ಕ್ರೂ ತಿರುಗಿದಂತೆ ಬಣ್ಣ ಬಿರಿದು ಉದುರಿತು. ಡಿಸ್ಕನ್ನು ನಾನೇ ಹೊರಗೆಳೆದು ನೋಡಿದೆ. ಯಂತ್ರ ಬಂದ ಹೊಸದರಲ್ಲಿ ಅದರ ಅಂಚಿನಲ್ಲಿ ಮೊಳೆಯಿಂದ ನಾನು ಗೀಚಿ ಮರೆತೇಬಿಟ್ಟಿದ್ದ ನನ್ನ ಹೆಸರಿನ ಮೊದಲ ಅಕ್ಷರ ಹಾಗೆಯೇ ಇತ್ತು. ಡಿಸ್ಕ್ ನಮ್ಮದೇ.

ಭಾವ ಮೊದಲು ಕರೆಂಟನ್ನು ದೂರಿದರು, ಆಮೇಲೆ ಲಿನಕ್ಸನ್ನು. ಕೊನೆಗೆ ಡಿಸ್ಕಿಗೆ ಹೋಗುವ ಚಪ್ಪಟೆ ಕೇಬಲ್ಲನ್ನು ಕಿತ್ತರು. ಅದರ ತುದಿಯ ರಂಧ್ರಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಮೂಗಿಗೆ ಹಿಡಿದು ಮುಖ ಕಿವಿಚಿದರು.

"ಮಾವಾ, ಈ ರೂಮಲ್ಲೇ ಸೊಪ್ಪು ಹದ ಮಾಡ್ತೀರಾ?"

"ಇನ್ನೆಲ್ಲಿ ಮಾಡಾನ ಅಳಿಯಂದ್ರೇ?" ಅಪ್ಪ ಬಾಗಿಲಿನಲ್ಲೇ ನಿಂತು ಹೇಳಿದರು. "ಗರಿಗರಿ ಸೊಪ್ಪು ಮುಟ್ಟುದ್ರೆ ಪುಡಿಯಾಯ್ತದೆ. ನೆಂದ ಗೋಣಿತಾಟು ಹಾಸಿ ಕದ ಹಾಕ್ಬುಟ್ರೆ ಬೆಳಗಾಗೋದ್ರೊಳಗೆ ಬಟ್ಟೆ ಇದ್ದಂಗಾಯ್ತದೆ."

"ಆ ತೇವಕ್ಕೆ ಸೊಪ್ಪಿನ ಜೊತೆ ಇದೂ ಹದವಾಗ್ಬುಟ್ಟದೆ ಕಣ್ರೀ!" ಭಾವ ಗಹಗಹಿಸಿ ನಕ್ಕರು.

ಅವರ ಚೀಲದಿಂದ ಹೊಸ ಕೇಬಲ್ ಹೊರಬಂತು. ತೆರೆದು ನೋಡುವ ಮೊದಲೇ ಅದನ್ನು ಏಕೆ ತಂದಿದ್ದರು ಎಂಬ ಪ್ರಶ್ನೆ ನನ್ನನ್ನು ಚುಚ್ಚಿತು. ಕೇಬಲ್ ಬದಲಿಸಿ ವೇಗ ಅಳೆದಾಗ ಹಳೆಯ ಅಂಕಿ ಮರಳಿತ್ತು. ಟೈಮರಿನ ಎಚ್ಚರಿಕೆ ಮಾತ್ರ ಅವರು ಹೇಳಿದಂತೆ ಬರುತ್ತಲೇ ಇತ್ತು.

ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಮೇಜಿನ ಮೇಲಿದ್ದ ಸ್ಕ್ರೂ ಒಂದನ್ನು ಎತ್ತಿ ಉಗುರಿನಿಂದ ಕೆರೆದಳು, ಗೂಡಿನಲ್ಲಿದ್ದ ಸೀಸೆಯನ್ನು ನೋಡಿದಳು, ಬಳಿಕ ನನ್ನನ್ನು. ರಿಪೇರಿಯವನ ಹೆಂಡತಿ ಅವಳು. ಅಂಗಡಿಯವರನ್ನು ನಂಬದೆ ಸ್ಕ್ರೂಗಳಿಗೆ ಗುರುತು ಹಾಕುವ ಗಿರಾಕಿಗಳನ್ನು ಕಂಡಿದ್ದಳು.

"ಏನವ್ವಾ ಅದು?" ಅಪ್ಪ ಕೇಳಿದರು.

ಕಾಫಿ ಲೋಟ ನನ್ನ ಕೈಯಲ್ಲಿ ಬಿಸಿಯಾಗಿತ್ತು, ಕೆಳಗಿಡಲು ಧೈರ್ಯವಾಗಲಿಲ್ಲ.

"ಏನಿಲ್ಲ ಕಣಪ್ಪ. ಆಯುಧಪೂಜೇಲಿ ಇವ್ನಿಗೆ ಕುಂಕುಮ ಸಿಕ್ಕಿಲ್ಲ, ನನ್ ಉಗುರುಬಣ್ಣಾನೇ ಇಟ್ಟವ್ನೆ. ಓದ್ದೋರ ಪೂಜೆ!"

ಅಪ್ಪ ನಕ್ಕರು. ಭಾವನೂ ನಕ್ಕರು, ಆದರೆ ನನ್ನ ಕಡೆ ನೋಡದೆ ನಕ್ಕರು. ಆ ಬೊಟ್ಟುಗಳ ಅರ್ಥ ಅವರಿಗೆ ಮೊದಲೇ ತಿಳಿದಿತ್ತೋ ಏನೋ, ನಾನು ಇಂದಿಗೂ ಬಲ್ಲವನಲ್ಲ.

ಸಂಜೆ ಬಸ್ಸಿಗೆ ಹೊರಡುವಾಗ ಅಕ್ಕ ಸೀಸೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಅಪ್ಪನಿಗೂ ಅಮ್ಮನಿಗೂ "ಹೋಗ್ ಬತ್ತೀನಿ" ಎಂದಳು. ನನ್ನ ಬಳಿ ನಿಂತು ದನಿ ತಗ್ಗಿಸಿದಳು.

"ಸಂಕ್ರಾಂತಿಗೂ ಬತ್ತೀವಿ, ಇಬ್ರೂನೂವೆ. ಅಷ್ಟ್ರೊಳಗೆ ಆ ಡಬ್ಬನ ಹಜಾರಕ್ಕೆ ಸಾಗ್ಸು. ಇನ್ನೇನೂ ಬಳೀಬ್ಯಾಡ ಕಣ್ಲಾ."