ಟೇಪಕ್ಕನ ಹೆಬ್ಬೆರಳು

ತನ್ನ ಫೋನಿಗೆ ಬಂದ ಒಂದೇ ಒಂದು ಮೆಸೇಜೂ ಉತ್ತರ ಕಾಣದೆ ಅನಾಥವಾಗಿಲ್ಲ ಎಂದು ಟೇಪಕ್ಕ ಎದೆ ತಟ್ಟಿ ಹೇಳುತ್ತಿದ್ದಳು. ಬಟ್ಟೆ ಹೊಲಿಯುವ ಹೆಂಗಸು. ಅಳತೆಯ ಟೇಪು ನಿದ್ದೆಯಲ್ಲೂ ಕೊರಳಿನಿಂದ ಇಳಿಯದ್ದರಿಂದ ಆ ಹೆಸರು.

ಗುಂಪುಗಳಿಗೇನು ಬರವೇ? ನೆಂಟರದೊಂದು, ನೆಂಟರಲ್ಲೇ ಮಾತು ಬಿಟ್ಟವರದೊಂದು, ಬೀದಿಯದು, ಶಾಲೆಯ ಗೆಳತಿಯರದು, ಗಿರಾಕಿಗಳದು. ಎಂದೋ ಕೆಟ್ಟು ನಿಂತ ಬಸ್ಸಿನಲ್ಲಿ ಜೊತೆಗಿದ್ದವರದೂ ಒಂದು. ಬೆಳಗಾದರೆ ಬಂದು ಬೀಳುತ್ತಿದ್ದ ಹೂವಿನ ಚಿತ್ರಗಳು ಎಷ್ಟೆಂದರೆ, ಫೋನು ಕೊಡವಿದರೆ ಎರಡು ಬುಟ್ಟಿ ತುಂಬಬೇಕು. ಅರ್ಧ ಗಂಟೆ ಸುಮ್ಮನಿದ್ದರೆ "ಯಾಕೆ, ಕೋಪಾನಾ?" ಎಂಬ ವಿಚಾರಣೆ. ವಾರಗಿತ್ತಿಯ ಹೊಸ ಪರದೆಗೆ 'ಚೆನ್ನಾಗಿದೆ' ಅನ್ನಲು ಮರೆತದ್ದಕ್ಕೆ ಆಕೆಯ ಮುಖ ಇನ್ನೂ ಊದಿಕೊಂಡೇ ಇತ್ತು.

ಈ ಕಾಟ ತಾಳಲಾರದೆ ಟೇಪಕ್ಕ ಉಪಾಯ ಹುಡುಕಿದಳು. ದಾರದ ಡಬ್ಬಿಗೆ ಫೋನು ಒರಗಿಸಿ, ಕಾಲಲ್ಲಿ ಮೆಷಿನ್ನು ತುಳಿಯುತ್ತ, ಬಂದದ್ದಕ್ಕೆಲ್ಲ ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತುವುದು, ಓದುವುದು ಬಿಡುವಾದಾಗ. ಬಿಡುವು ಮಾತ್ರ ಆಗಲಿಲ್ಲ. ಒತ್ತಿ ಒತ್ತಿ ಹೆಬ್ಬೆರಳಿನ ಗೆರೆಗಳೇ ಸವೆದು, ಪಡಿತರ ಕಚೇರಿಯ ಬೆರಳ ಗುರುತು ನೋಡುವ ಯಂತ್ರ ಅವಳನ್ನು 'ಇನ್ನೂ ಹುಟ್ಟಿಲ್ಲ' ಎಂದು ವಾಪಸು ಕಳಿಸಿತಂತೆ. ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡತೋಳುಗಳೇ ಕೂತವು. ಆತ ಅದನ್ನೂ ಫೋಟೊ ಹೊಡೆದು ಗುಂಪಿಗೆ ಹಾಕಿದ. ಟೇಪಕ್ಕ ಅದಕ್ಕೂ ಹೆಬ್ಬೆರಳು ಎತ್ತಿದಳು.

ಒಂದು ಗುರುವಾರ ಸಂಜೆ, ಎರಡು ಬೀದಿ ಆಚೆ ಒಬ್ಬಳೇ ಇರುವ ಒಡಹುಟ್ಟಿದ ಅಕ್ಕ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಕಣ್ಣಿಗೆ ಪೊರೆ ಬಂದಿತ್ತು. ಕೈಯಲ್ಲಿ ಬಟ್ಟೆ ತುಂಬಿದ ಚೀಲ.

"ಬೆಳಗ್ಗೆಯಿಂದ ಆಸ್ಪತ್ರೆ ಬೆಂಚು ಕಾದೆ. ಜೊತೆಗೆ ಯಾರೂ ಇಲ್ದೆ ಆಪರೇಷನ್ ಮಾಡಲ್ಲ ಅಂತ ಕಳಿಸಿಬಿಟ್ರು."

"ಅಯ್ಯೋ, ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲೇ! ಭಯ ಆಗ್ತಿದೆ, ಗುರುವಾರ ಜೊತೆಗೆ ಬರ್ತೀಯಾ ಅಂತ ಮೆಸೇಜ್ ಹಾಕಿದ್ದೆ. ನೀನು ಹೆಬ್ಬೆರಳು ಎತ್ತಿದ್ದೆ."

ಟೇಪಕ್ಕ ಫೋನು ತಡಕಾಡಿದಳು. ಯಾರದೋ ಬೆಕ್ಕಿಗೂ ಯಾರದೋ ಹೊಸ ಸೋಫಾಕ್ಕೂ ನಡುವೆ ಬಂದಿತ್ತು ಅಕ್ಕನ ಮಾತು. ಅದರ ಕೆಳಗೆ ಅವಳದೇ ಹೆಬ್ಬೆರಳು, ನೆಟ್ಟ ಗೂಟದ ಹಾಗೆ.

"ಓದು ಬಾರದ ನಮ್ಮಜ್ಜಿನೂ ಏನು ಬರ್ದಿದೆ ಅಂತ ಕೇಳಿ ಆಮೇಲೆ ಹೆಬ್ಬೆಟ್ಟು ಒತ್ತುತಿದ್ಲು," ಎಂದಳು ಅಕ್ಕ. "ಮುಂದಿನ ಗುರುವಾರ ಬಾ ಅಂದಿದ್ದಾರೆ. ನೀನೇನೂ ಬರಬೇಡ. ಪಕ್ಕದ ಮನೆಯೋರನ್ನ ಕೇಳ್ತೀನಿ."

ಉಗುರಿನಡಿ ಸೂಜಿ ಹೊಕ್ಕಂತಾಯಿತು. ಅಕ್ಕ ಹೋದ ಮೇಲೆ ಟೇಪಕ್ಕ ಮೆಷಿನ್ನು ನಿಲ್ಲಿಸಿ, ಎಲ್ಲ ಗುಂಪುಗಳಿಗೂ ಬರೆದಳು: 'ಇನ್ನು ನಾನು ಇಲ್ಲಿರುವುದಿಲ್ಲ. ಕೆಲಸವಿದ್ದರೆ ಅಂಗಡಿಗೆ ಬನ್ನಿ, ತುರ್ತಾದರೆ ಫೋನ್ ಮಾಡಿ.' ಕಣ್ಣು ಮಿಟುಕಿಸುವಷ್ಟರಲ್ಲಿ ಹೆಬ್ಬೆರಳುಗಳ ಕಾಡೇ ಎದ್ದಿತು. ಅದರ ಬೆನ್ನಿಗೇ ವಾರಗಿತ್ತಿಯ ಪ್ರಶ್ನೆ: 'ಯಾಕೆ ಮಾತೇ ಇಲ್ಲ, ಕೋಪಾನಾ?' ಒಬ್ಬರೂ ಓದಿರಲಿಲ್ಲ. ಟೇಪಕ್ಕ ಒಂದೊಂದೇ ಗುಂಪಿನಿಂದ ಹೊರಬಿದ್ದಳು.

ಮರುವಾರ ಅಕ್ಕ ಬಾಗಿಲು ತೆರೆದಾಗ ಟೇಪಕ್ಕ ಹೊರಗೆ ನಿಂತಿದ್ದಳು. ಅಕ್ಕ ಬಟ್ಟೆಯ ಚೀಲವನ್ನು ಅವಳ ಕೈಗೆ ಕೊಟ್ಟಳು.

ಆಪರೇಷನ್ ಮುಗಿದು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಅಕ್ಕ ಗೋಡೆ ಸವರುತ್ತ ಹೊರಬಂದಳು.

"ಬಂದಿರೋದು ನೀನೇನಾ, ಇಲ್ಲಾ ಬರೀ ನಿನ್ನ ಹೆಬ್ಬೆರಳಾ?"

ಟೇಪಕ್ಕ ಅವಳ ಕೈ ಹಿಡಿದಳು.

"ಮೆಟ್ಟಿಲಿದೆ, ನಿಧಾನ. ಇವತ್ತು ಉಳಿದ ನಾಲ್ಕು ಬೆರಳನ್ನೂ ಕರ್ಕೊಂಡು ಬಂದಿದ್ದೀನಿ ಕಣಕ್ಕ."